ಗ್ರೀನಮ್ ಕಾಮನ್‌ನ ಕಾಲುದಾರಿಗಳು

ಸಭೆಯಲ್ಲಿರುವ ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಹೀತ್ ಎಂಬ ಬಯಲು ನೋಡಿದ ಕೂಡಲೇ ಮನಸೋಲುವ ಜಾಗವಲ್ಲ. ಮೊಣಕಾಲೆತ್ತರದ ಕುರುಚಲು, ಹಳದಿ ಹೂವಿನ ಗೋರ್ಸ್ ಮುಳ್ಳುಕಂಟಿ, ಮರಳು ಜಲ್ಲಿಯ ಬಡ ನೆಲ, ಅಲ್ಲೊಂದು ಇಲ್ಲೊಂದು ಬರ್ಚ್ ಮರ. ಬೇಸಿಗೆಯ ಕೊನೆಗೆ ಹೆದರ್ ಗಿಡ ಹೂಬಿಟ್ಟು ನೆಲವೆಲ್ಲ ನೇರಳೆಯಾಗುವ ಕೆಲವು ವಾರಗಳನ್ನು ಬಿಟ್ಟರೆ ಉಳಿದಂತೆ ಕಂದು ಬಣ್ಣದ್ದೇ ದರಬಾರು. ಚಳ್ಳಕೆರೆ, ಹಿರಿಯೂರಿನ ಕಡೆಯವರು ನೋಡಿದರೆ ‘ಇದನ್ನು ನೋಡಲು ಇಷ್ಟು ದೂರ ಬರಬೇಕಿತ್ತೇ’ ಎಂದು ಕೇಳಿಯಾರು. ಆದರೂ ಬರ್ಕ್‌ಷೈರಿನ ನ್ಯೂಬರಿ ಪಟ್ಟಣದ ಪಕ್ಕದಲ್ಲಿರುವ ಗ್ರೀನಮ್ ಕಾಮನ್‌ನಲ್ಲಿ ಇವತ್ತು ನಿಮ್ಮನ್ನು ನಡೆಸಬೇಕೆಂದಿದ್ದೇನೆ. ದನ ಮೇಯಿಸುವ ಹಕ್ಕೊಂದು ಅಣ್ವಸ್ತ್ರ ನೆಲೆಯ ನಿಯಮಗಳನ್ನು ನ್ಯಾಯಾಲಯದಲ್ಲಿ ಮಣಿಸಿದ ಜಾಗ ಅದು.

ಹೀತ್ ಎಂದರೆ ಮನುಷ್ಯರ ಕೈ ತಾಗದ ಕಾಡುಬಯಲು ಎಂದು ಅನೇಕರು ತಿಳಿಯುತ್ತಾರೆ. ಹಾಗಲ್ಲ. ದಕ್ಷಿಣ ಇಂಗ್ಲೆಂಡಿನ ಹೀತ್‌ಗಳಲ್ಲಿ ಬಹುಪಾಲು ಸಾವಿರಾರು ವರ್ಷಗಳ ಹಿಂದೆ ಜನರು ಕಾಡು ಕಡಿದದ್ದರಿಂದ ಆದವು. ಮರ ಹೋದ ಮೇಲೆ ಮಳೆ ನೆಲದ ಸಾರವನ್ನು ತೊಳೆಯಿತು, ಮಣ್ಣು ಆಮ್ಲೀಯವಾಯಿತು, ಹೆದರ್ ಬಿಟ್ಟರೆ ಹೆಚ್ಚೇನೂ ಬೆಳೆಯದಾಯಿತು. ಮುಂದೆ ಅದನ್ನು ಬಯಲಾಗಿಯೇ ಉಳಿಸಿದ್ದು ಬಡವರ ದಿನನಿತ್ಯದ ಬದುಕು. ದನ, ಕುರಿ, ಕುಳ್ಳ ಕುದುರೆಗಳು ಸಸಿಗಳನ್ನು ಮೇಯ್ದವು. ಬೇರು ತುಂಬಿದ ಮೇಲ್ಮಣ್ಣನ್ನು ಹೆಂಟೆಗಳಾಗಿ ಕತ್ತರಿಸಿ ಉರುವಲು ಮಾಡಿಕೊಂಡರು. ಗೋರ್ಸ್ ಕಂಟಿ ರೊಟ್ಟಿಯ ಒಲೆಗೆ ಹೋಯಿತು, ಜರೀಗಿಡ ಕೊಟ್ಟಿಗೆಯ ಹಾಸಿಗೆಗೆ. ಇವೆಲ್ಲ ನಿಂತರೆ ಕೆಲವೇ ದಶಕಗಳಲ್ಲಿ ಬರ್ಚ್ ಮತ್ತು ಪೈನ್ ನುಗ್ಗಿ ಹೀತ್ ಕಾಡಾಗುತ್ತದೆ. ಆದ್ದರಿಂದಲೇ ಇಂದು ಅಲ್ಲಿ ಸ್ವಯಂಸೇವಕರು ಗರಗಸ ಹಿಡಿದು ಮರ ಕಡಿಯುತ್ತಾರೆ. ಪರಿಸರಪ್ರೇಮಿಗಳು ಮರ ಕಡಿಯುವುದನ್ನು ನೋಡಿ ಗಾಬರಿಯಾಗುವ ದಾರಿಹೋಕರೂ ಇದ್ದಾರೆ!

ಕಾಮನ್ ಎಂದಾಕ್ಷಣ ಎಲ್ಲರ ಸ್ವತ್ತು ಎಂದುಕೊಳ್ಳಬೇಡಿ. ಅದಕ್ಕೆ ಒಬ್ಬ ಮಾಲೀಕ ಇದ್ದೇ ಇರುತ್ತಾನೆ. ಹಿಂದೆ ಊರಿನ ಜಮೀನ್ದಾರ, ಈಗ ಎಷ್ಟೋ ಕಡೆ ಸ್ಥಳೀಯ ಆಡಳಿತ ಅಥವಾ ಟ್ರಸ್ಟ್. ನೆಲ ಅವನದು, ಮೇವು ಮತ್ತು ಸೌದೆಯ ಹಕ್ಕು ಸುತ್ತಲಿನ ಮನೆಗಳದು. ಈ ಹಕ್ಕನ್ನು ಕಿತ್ತುಕೊಳ್ಳುವುದಕ್ಕೆ ಶ್ರೀಮಂತರಿಗೆ ಸಂಸತ್ತೇ ಬೇಕಾಯಿತು. 1604ರಿಂದ 1914ರವರೆಗೆ 5,200ಕ್ಕೂ ಹೆಚ್ಚು ಕಾಯ್ದೆಗಳ ಮೂಲಕ ಸುಮಾರು 68 ಲಕ್ಷ ಎಕರೆ ನೆಲಕ್ಕೆ ಬೇಲಿ ಬಿತ್ತು. ಇಂಗ್ಲೆಂಡಿನ ಐದನೆಯ ಒಂದು ಭಾಗ! ಉಳುಮೆಗೆ ಬಾರದ ಬಡ ನೆಲವಾದ್ದರಿಂದ ಎಷ್ಟೋ ಹೀತ್‌ಗಳು ಹೇಗೋ ಬಚಾವಾದವು.

ಈಗ ಗ್ರೀನಮ್‌ಗೆ ಬರೋಣ. 1941ರಲ್ಲಿ, ಯುದ್ಧಕಾಲದಲ್ಲಿ, ಸರ್ಕಾರ ಈ ಬಯಲನ್ನು ವಿಮಾನ ನೆಲೆಗಾಗಿ ವಶಪಡಿಸಿಕೊಂಡಿತು. ಯುದ್ಧ ಮುಗಿದ ಮೇಲೂ ನೆಲ ಊರಿನ ಕೈಗೆ ಮರಳಲಿಲ್ಲ. ಅಮೆರಿಕದ ವಾಯುಪಡೆ ಬಂತು, ಸುಮಾರು ಮೂರು ಕಿಲೋಮೀಟರ್ ಉದ್ದದ ರನ್‌ವೇ ಬಂತು. ನ್ಯಾಟೋ ಇಲ್ಲಿ ಅಣ್ವಸ್ತ್ರ ಹೊರುವ 96 ಕ್ರೂಸ್ ಕ್ಷಿಪಣಿಗಳನ್ನಿಡಲು ಹೊರಟಾಗ, 1981ರ ಸೆಪ್ಟೆಂಬರಿನಲ್ಲಿ ವೇಲ್ಸ್‌ನ ಕಾರ್ಡಿಫ್‌ನಿಂದ ಹೆಂಗಸರ ಒಂದು ಸಣ್ಣ ತಂಡ ನಡೆದುಕೊಂಡು ಬಂದು ಬೇಲಿಯ ಹೊರಗೆ ಬೀಡುಬಿಟ್ಟಿತು. ಮರುವರ್ಷದ ಡಿಸೆಂಬರಿನಲ್ಲಿ ಸುಮಾರು 30,000 ಹೆಂಗಸರು ಕೈ ಕೈ ಹಿಡಿದು ಇಡೀ ನೆಲೆಯನ್ನು ಸುತ್ತುವರಿದರು. ಈ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಕಡಿಮೆ ಜನರಿಗೆ ಗೊತ್ತಿರುವುದು ಮುಂದಿನ ಭಾಗ.

ಹೆಂಗಸರು ಮತ್ತೆ ಮತ್ತೆ ಒಳನುಗ್ಗುತ್ತಿದ್ದುದರಿಂದ ರಕ್ಷಣಾ ಸಚಿವಾಲಯ 1985ರಲ್ಲಿ ಅನುಮತಿಯಿಲ್ಲದೆ ಯಾರೂ ಒಳಗೆ ಕಾಲಿಡಕೂಡದೆಂದು ಉಪನಿಯಮ ಹೊರಡಿಸಿತು. ಅದಕ್ಕೆ ಆಧಾರ 1892ರ ಸೇನಾ ಭೂಮಿ ಕಾಯ್ದೆ. ಆದರೆ ಅದೇ ಕಾಯ್ದೆಯಲ್ಲಿ ಒಂದು ಷರತ್ತಿತ್ತು: ಇಂಥ ಉಪನಿಯಮ ಕಾಮನ್‌ನ ಹಕ್ಕುದಾರರ ಹಕ್ಕಿಗೆ ಧಕ್ಕೆ ತರುವಂತಿಲ್ಲ. ಗ್ರೀನಮ್‌ನಲ್ಲಿ ದನ ಮೇಯಿಸುವ ಹಕ್ಕು ಆಗಲೂ ಊರ್ಜಿತವಾಗಿತ್ತು. ಅದನ್ನು ಯಾರೂ ವಿಧಿವತ್ತಾಗಿ ರದ್ದುಮಾಡಿರಲಿಲ್ಲ. ಈ ಉಪನಿಯಮ ಮೀರಿ ಒಳಹೊಕ್ಕು ಶಿಕ್ಷೆಗೊಳಗಾದ ಜೀನ್ ಹಚಿನ್ಸನ್ ಮತ್ತು ಜಾರ್ಜಿನಾ ಸ್ಮಿತ್ ಸ್ವತಃ ಹಕ್ಕುದಾರರಲ್ಲ, ಅವರ ಬಳಿ ಹಸುವೂ ಇರಲಿಲ್ಲ. ಆದರೂ 1990ರಲ್ಲಿ, ಆಗ ದೇಶದ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಆ ಉಪನಿಯಮವೇ ಅಸಿಂಧು ಎಂದು ತೀರ್ಪಿತ್ತು ಅವರ ಶಿಕ್ಷೆಯನ್ನು ರದ್ದುಪಡಿಸಿತು. ಕ್ಷಿಪಣಿಗಳು 1991ರಲ್ಲಿ ಹೋದದ್ದು ಈ ತೀರ್ಪಿನಿಂದಲ್ಲ, ಅಮೆರಿಕ ಮತ್ತು ಸೋವಿಯತ್ ಒಕ್ಕೂಟ 1987ರಲ್ಲಿ ಮಾಡಿಕೊಂಡ ಒಪ್ಪಂದದಿಂದ. ಅದನ್ನು ಬೆರೆಸಿ ಹೇಳಿದರೆ ಕೇಳಲು ಚೆಂದ, ಆದರೆ ಸುಳ್ಳಾಗುತ್ತದೆ.

ರನ್‌ವೇ ಒಡೆದರು. ಆ ಕಾಂಕ್ರೀಟಿನಲ್ಲಿ ಬಹಳಷ್ಟು ನ್ಯೂಬರಿಯ ಬೈಪಾಸ್ ರಸ್ತೆಯ ಅಡಿಗೆ ಹೋಯಿತು. 2000ದಲ್ಲಿ ಬೇಲಿ ತೆಗೆದು ಬಯಲನ್ನು ಜನರಿಗೆ ಬಿಟ್ಟುಕೊಟ್ಟರು, ದನಗಳೂ ಮರಳಿದವು. ಇಂದು ನಡೆಯುವಾಗ ಹೆದರ್ ಪೊದೆಯ ನಡುವೆ ಏಕಾಏಕಿ ಅಗ್ನಿಶಾಮಕ ದಳದವರ ಹಳೆಯ ನೀರಿನ ಕೊಳಾಯಿ ಎದುರಾಗುತ್ತದೆ. ನಿಯಂತ್ರಣ ಗೋಪುರದಲ್ಲಿ ಚಹಾ ಸಿಗುತ್ತದೆ. ಕ್ಷಿಪಣಿಗಳನ್ನಿಟ್ಟಿದ್ದ ಹುಲ್ಲು ಹೊದ್ದ ದಿಬ್ಬಗಳು ಮಾತ್ರ ಇನ್ನೂ ಬೇಲಿಯೊಳಗೇ ಇವೆ. ಕಾಂಕ್ರೀಟಿನ ಸುಣ್ಣ ಉಳಿದ ಕಡೆ ಆಮ್ಲೀಯ ಹೀತ್‌ನಲ್ಲಿ ಬೆಳೆಯಬಾರದ ಗಿಡಗಳೂ ಬೆಳೆಯುತ್ತವೆ.

ನಡೆಯುವ ನಿಯಮವನ್ನೂ ಹೇಳಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ ಹಳದಿ ಬಾಣವಿದ್ದರೆ ಅದು ಕಾಲುದಾರಿ. ನೀಲಿ ಬಾಣದ ದಾರಿಯಲ್ಲಿ ಕುದುರೆ, ಸೈಕಲ್ ಕೂಡ ಹೋಗಬಹುದು. 2000ದ ಕಾಯ್ದೆ ನೋಂದಾಯಿತ ಕಾಮನ್‌ಗಳಲ್ಲಿ ದಾರಿ ಬಿಟ್ಟು ನಡೆಯುವ ಹಕ್ಕನ್ನೂ ಕೊಟ್ಟಿತು. ಆದರೆ ನನ್ನ ಮಾತು ಕೇಳಿ, ವಸಂತದಿಂದ ಬೇಸಿಗೆಯವರೆಗೆ ದಾರಿ ಬಿಡಬೇಡಿ. ನತ್ತಿಂಗ (ನೈಟ್‌ಜಾರ್) ಹಕ್ಕಿ ಬರಿಯ ನೆಲದ ಮೇಲೆಯೇ ಮೊಟ್ಟೆಯಿಡುತ್ತದೆ, ತುಳಿಯುವವರೆಗೂ ಕಾಣುವುದಿಲ್ಲ. ನಾಯಿ ಜೊತೆಗಿದ್ದರೆ ಮಾರ್ಚ್ 1ರಿಂದ ಜುಲೈ 31ರವರೆಗೆ ಎರಡು ಮೀಟರ್ ಮೀರದ ಹಗ್ಗದಲ್ಲಿ ಹಿಡಿದಿರಬೇಕೆಂದು ಆ ಕಾಯ್ದೆಯೇ ಹೇಳುತ್ತದೆ.

ನಮ್ಮ ಗೋಮಾಳವನ್ನೂ ಗ್ರೀನಮ್ಮನ್ನೂ ಪಕ್ಕಪಕ್ಕ ಇಟ್ಟು ನೋಡುವ ಆಸೆಯಾಗುವುದು ಸಹಜ. ಕರ್ನಾಟಕದ ಭೂಕಂದಾಯ ನಿಯಮಗಳಲ್ಲಿ ನೂರು ರಾಸುಗಳಿಗೆ 12 ಹೆಕ್ಟೇರ್ ಗೋಮಾಳ ಎಂಬ ಲೆಕ್ಕವಿದೆ. ಆದರೆ ಆ ಭೂಮಿ ಸರ್ಕಾರದ್ದು. ಜಿಲ್ಲಾಧಿಕಾರಿ ಕಾರಣ ದಾಖಲಿಸಿ ವಿಸ್ತೀರ್ಣವನ್ನು ಕಡಿಮೆ ಮಾಡಬಹುದು. ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ ಸಾವಿರಾರು ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಗಿ ಗೋಡೆ ಎದ್ದಾಗ, ಕುರಿ ದನ ಮೇಯಿಸುವವರು ಹಸಿರು ನ್ಯಾಯಮಂಡಳಿಯ ಬಾಗಿಲು ತಟ್ಟಬೇಕಾಯಿತು. ದೇಶಕ್ಕೆ ಪ್ರಯೋಗಾಲಯ ಬೇಡವೆಂದು ನಾನು ಹೇಳುತ್ತಿಲ್ಲ. ಗ್ರೀನಮ್‌ನ ಹೆಂಗಸರಿಗೆ ಒದಗಿಬಂದ ಆ 1892ರ ಷರತ್ತಿನಂಥದ್ದು ನಮ್ಮ ಗೋಮಾಳದ ನಿಯಮದಲ್ಲಿಲ್ಲ ಎನ್ನುತ್ತಿದ್ದೇನೆ. ನಮ್ಮಲ್ಲಿ ದಾರಿಗಾದರೂ ದಾಖಲೆಯಿದೆ. ಗ್ರಾಮ ನಕಾಶೆಯಲ್ಲಿ ಕಾಲುದಾರಿ, ಬಂಡಿದಾರಿಗಳನ್ನು ಚುಕ್ಕೆಗೆರೆಗಳಲ್ಲಿ ಗುರುತಿಸಿರುತ್ತಾರೆ. ನಿಮ್ಮೂರಿನ ನಕಾಶೆಯ ಪ್ರತಿ ಭೂಮಾಪನ ಇಲಾಖೆಯಲ್ಲಿ ಸಿಗುತ್ತದೆ. ಅದನ್ನು ಹಿಡಿದು ಆ ಗೆರೆಗಳ ಮೇಲೆ ನಡೆಯಲು ಹೊರಟರೆ ಎಲ್ಲೆಲ್ಲಿ ಬೇಲಿ ಬಿದ್ದಿದೆಯೆಂದು ಮಧ್ಯಾಹ್ನದೊಳಗೆ ತಿಳಿಯುತ್ತದೆ.

ಇನ್ನು ನಿಮ್ಮ ಪ್ರಶ್ನೆಗಳು.