ಜಾಣರು ಯಾರೆಂದು ಯಾರನ್ನು ಕೇಳಿದರು?

ಕೇಳುಗರಿಗೆ ನಮಸ್ಕಾರ. ಬುದ್ಧಿಶಕ್ತಿ ಅಳೆಯುವ ಶಾಸ್ತ್ರ ಪ್ರಯೋಗಶಾಲೆಯಲ್ಲೇ ಹುಟ್ಟಿತೆಂದು ಬಹಳ ಜನ ತಿಳಿದಿದ್ದಾರೆ. ಅದರ ಹಳೆಯ ಬರಹಗಳನ್ನು ತೆರೆದರೆ ಜಗಲಿಕಟ್ಟೆಯ ಮಾತೇ ಕೇಳಿಸುತ್ತದೆ.

1904ರಲ್ಲಿ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಸ್ಪಿಯರ್‌ಮನ್ ‘ಸಾಮಾನ್ಯ ಬುದ್ಧಿಶಕ್ತಿ’ಯ, ಅಂದರೆ ಬುದ್ಧಿಯ ಎಲ್ಲ ಕೆಲಸಗಳ ಹಿಂದೆಯೂ ಇರುವ ಒಂದೇ ಶಕ್ತಿಯ, ವಿಚಾರ ಮಂಡಿಸಿದರು. ಹಳ್ಳಿ ಶಾಲೆಯೊಂದರ ಮಕ್ಕಳು ಸ್ವರ, ಬೆಳಕು, ತೂಕಗಳ ಸಣ್ಣ ವ್ಯತ್ಯಾಸವನ್ನು ಎಷ್ಟು ಗುರುತಿಸುತ್ತಾರೆಂದು ನೋಡಿದರು. ಸರಿ, ಆ ಅಂಕಿಗಳನ್ನು ಹೋಲಿಸಲು ಬುದ್ಧಿವಂತರು ಯಾರೆಂಬುದು ಮೊದಲೇ ಗೊತ್ತಿರಬೇಕಲ್ಲ? ಅದಕ್ಕೆ ಮೇಷ್ಟ್ರನ್ನು ಕೇಳಿದರು. ಸಾಲದ್ದಕ್ಕೆ ಶಾಲೆಯ ದೊಡ್ಡ ಮಕ್ಕಳನ್ನೂ ಕೇಳಿದರು: ತರಗತಿಯ ಹೊರಗೆ ನಿಮ್ಮಲ್ಲಿ ಚುರುಕು, ತಿಳಿವಳಿಕೆ ಯಾರಿಗೆ ಹೆಚ್ಚು? ಊರವರ ಅಂದಾಜು ಗಣಿತದ ಸೂತ್ರದೊಳಗೆ ಕೂತಿದ್ದು ಹೀಗೆ. ಮರುವರ್ಷ ಪ್ಯಾರಿಸ್ಸಿನಲ್ಲಿ ಬಿನೆ ಮತ್ತು ಸಿಮೋನ್ ಎಂಬಿಬ್ಬರು ತಮ್ಮ ಬುದ್ಧಿಪರೀಕ್ಷೆ ತಂದಾಗಲೂ ಶಿಕ್ಷಕರ ಅಭಿಪ್ರಾಯವನ್ನು ನೆಚ್ಚಿಕೊಂಡಿದ್ದರು.

ಅಂದಹಾಗೆ, ಸ್ಪಿಯರ್‌ಮನ್ ಬಳಿ ಕಲಿತು ಬಂದು ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಕಲಿಸಿದವರು ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರುಮಾಡಿದವರೂ ಅವರೇ. ‘ಆಕಾಶವಾಣಿ’ ಎಂಬ ಹೆಸರು ಆ ಕೇಂದ್ರದ್ದು.

ಊರವರನ್ನು ಕೇಳಿದ್ದು ತಪ್ಪೆನ್ನಲಾರೆ. ಎಲ್ಲಿಂದಾದರೂ ಶುರುಮಾಡಲೇಬೇಕು. ನನ್ನ ತಕರಾರು ಇಷ್ಟೇ: ಕೇಳಿದ್ದು ಯಾವ ಊರವರನ್ನು?

ನಮ್ಮ ಭೀಮಸಮುದ್ರದ ಅಡಿಕೆ ವ್ಯಾಪಾರಿಗಳನ್ನು ಕೇಳಿದ್ದರೆ, ರಾಶಿಗೆ ಕೈಹಾಕಿ ಒಂದು ಹಿಡಿ ನೋಡಿ ಧಾರಣೆ ಹೇಳಿ, ಆಮೇಲೆ ಆ ಮಾತಿಗೆ ನಿಲ್ಲುವವನನ್ನು ತೋರಿಸುತ್ತಿದ್ದರು. ಚಳ್ಳಕೆರೆ ಕಡೆಯ ಕುರಿಹಟ್ಟಿಯಲ್ಲಿ ಕೇಳಿದ್ದರೆ, ಸಂಜೆ ಮಂದೆ ಮರಳಿದಾಗ ಯಾವ ಕುರಿ ಬಂದಿಲ್ಲವೆಂದು ಎಣಿಸದೆಯೇ ಹೇಳುವ ಹುಡುಗಿಯ ಹೆಸರು ಬರುತ್ತಿತ್ತು. ಗಡಿಯಾರ ಮುಂದಿಟ್ಟು ನಡೆಸುವ ಪರೀಕ್ಷೆಯಲ್ಲಿ ಈ ಇಬ್ಬರೂ ಎಷ್ಟನೆಯವರಾಗುತ್ತಿದ್ದರೋ!

ಇದು ಬರೀ ಊಹೆಯಲ್ಲ. 1970ರ ದಶಕದಲ್ಲಿ ರಾಬರ್ಟ್ ಸರ್ಪೆಲ್ ಎಂಬ ಮನಶ್ಶಾಸ್ತ್ರಜ್ಞ ಆಫ್ರಿಕಾದ ಜಾಂಬಿಯಾದ ಹಳ್ಳಿಗಳಲ್ಲಿ ಹಿರಿಯರ ಮುಂದೆ ಒಂದು ಪ್ರಶ್ನೆ ಇಟ್ಟರು. ಮುಖ್ಯವಾದ ಕೆಲಸವೊಂದಿದೆ, ಈ ಮಕ್ಕಳಲ್ಲಿ ಯಾರನ್ನು ಕಳಿಸುತ್ತೀರಿ, ಯಾಕೆ? ಹಿರಿಯರು ಚುರುಕನ್ನಷ್ಟೇ ನೋಡಲಿಲ್ಲ, ಹೇಳಿದ ಕೆಲಸವನ್ನು ಹೊಣೆಯಿಂದ ಮಾಡಿ ಬರುವ ಗುಣವನ್ನೂ ನೋಡಿದರು. ಅವರು ಮೆಚ್ಚಿದ ಮಕ್ಕಳಿಗೂ ಪರೀಕ್ಷೆಯ ಅಂಕಗಳಿಗೂ ಅಷ್ಟಾಗಿ ತಾಳೆಯಾಗಲಿಲ್ಲ.

ಈಗ ದಾವಣಗೆರೆಯ ಟ್ಯೂಷನ್ ಮನೆಗಳಲ್ಲಿ ತಾಯಂದಿರು “ನಮ್ಮ ಹುಡುಗನ ಐಕ್ಯೂ ಎಷ್ಟಿರಬಹುದ್ರಿ ಸಾರ್?” ಎಂದು ವಿಚಾರಿಸುತ್ತಾರೆ. ಅಂಗಡಿಯ ಉದ್ರಿ ಲೆಕ್ಕವನ್ನೆಲ್ಲ ಆ ಹುಡುಗನೇ ಬಾಯಲ್ಲಿ ಇಟ್ಟುಕೊಂಡಿರುತ್ತಾನೆ, ಅದು ಮಾತ್ರ ಯಾವ ಪ್ರಶ್ನೆಪತ್ರಿಕೆಯಲ್ಲೂ ಬರುವುದಿಲ್ಲ. ನಮಸ್ಕಾರ.