ಮುದ್ರಣಾಲಯಕ್ಕೆ ಫೈಲು ಕೊಡುವ ಮುನ್ನ

ಕೇಳುಗರಿಗೆ ನಮಸ್ಕಾರ.

ಪುಸ್ತಕದ ಕರಡು ಮೂರು ಸಲ ತಿದ್ದಿ, ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಪ್ರೆಸ್ಸಿಗೆ ಹೋದರೆ ಅಲ್ಲಿ ಮೊದಲು ಕೇಳುವುದು, "ಫಾಂಟ್ ತಂದಿದ್ದೀರಾ?" ಎಂದು. ಇಂಗ್ಲಿಷ್ ಪುಸ್ತಕದವರಿಗೆ ಈ ಪ್ರಶ್ನೆ ಅಷ್ಟಾಗಿ ಎದುರಾಗುವುದಿಲ್ಲ. ಕನ್ನಡದವರಿಗೆ ಎದುರಾಗುತ್ತದೆ, ಯಾಕೆಂದರೆ ಕಂಪ್ಯೂಟರಿನೊಳಗೆ ಎರಡು ಕನ್ನಡಗಳಿವೆ.

ಒಂದು, ನುಡಿ, ಬರಹ, ಶ್ರೀಲಿಪಿ ಎಂಬ ಹಳೆಯ ಟೈಪಿಂಗ್ ತಂತ್ರಾಂಶಗಳ ಕನ್ನಡ. ಫೈಲಿನ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಫಾಂಟು ಅದಕ್ಕೆ ಕನ್ನಡದ ವೇಷ ತೊಡಿಸುತ್ತದೆ. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಅದೇ ಫಾಂಟು ಇಲ್ಲದಿದ್ದರೆ ವೇಷ ಕಳಚಿ, ಕೊಂಬು ಬಾಲ ಹತ್ತಿದ ರೋಮನ್ ಅಕ್ಷರಗಳು ಕಾಣುತ್ತವೆ. ಇನ್ನೊಂದು ಯೂನಿಕೋಡ್ ಕನ್ನಡ. ಇಲ್ಲಿ 'ಕ' ಎಂದರೆ ಯಾವ ಫಾಂಟಿನಲ್ಲೂ 'ಕ'. ಆದರೆ ಎಷ್ಟೋ ಕಡೆ ಈಗಲೂ ಓಡುತ್ತಿರುವ, ಪುಟ ಕಟ್ಟುವ ಹಳೆಯ ತಂತ್ರಾಂಶ ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತಿಲ್ಲ. ಅದರೊಳಕ್ಕೆ ಅಂಟಿಸಿದರೆ ಬರೀ ಪ್ರಶ್ನಾರ್ಥಕ ಚಿಹ್ನೆ. ಹಾಗಾಗಿ ಪುಟ ಕಟ್ಟುವುದು ಯಾವುದರಲ್ಲಿ ಎಂದು ಮೊದಲೇ ಕೇಳಿಕೊಂಡು, ಅದಕ್ಕೆ ತಕ್ಕಂತೆ ಪಠ್ಯ ಸಿದ್ಧಮಾಡಿ.

ಒಂದರಿಂದ ಇನ್ನೊಂದಕ್ಕೆ ಪರಿವರ್ತನೆ ಮಾಡಿದರೆ ಮೊದಲು ಅರ್ಕಾವತ್ತು ನೋಡಿ. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತಿನ ಚಿಹ್ನೆ ಅಕ್ಷರದ ನಂತರ ಇರುತ್ತದೆ. ಯೂನಿಕೋಡ್‌ನಲ್ಲಿ 'ರ' ಮೊದಲು ಬರಬೇಕು. ಆ ಸ್ಥಾನಪಲ್ಲಟ ಸರಿಯಾಗಿ ಆಗದಿದ್ದರೆ 'ಸೂರ್ಯ' ಹೋಗಿ 'ಸೂಯರ್' ಆಗುತ್ತದೆ, 'ಕರ್ನಾಟಕ' ಹೋಗಿ 'ಕನಾರ್ಟಕ' ಆಗುತ್ತದೆ. ಎರಡನೆಯದು, ಸೊನ್ನೆ. ಅನುಸ್ವಾರದ ಬದಲು ಅಂಕಿಯ ಸೊನ್ನೆಯನ್ನೇ ಒತ್ತುವ ಅಭ್ಯಾಸ ಬಹಳ ಜನಕ್ಕಿದೆ. ಪರದೆಯ ಮೇಲೆ ಎರಡೂ ಒಂದೇ ಥರ. ಫಾಂಟು ಬದಲಾಯಿಸಿದ ದಿನ ಸೊನ್ನೆಯ ಗಾತ್ರ ಬೇರೆ, ಅನುಸ್ವಾರದ ಗಾತ್ರ ಬೇರೆ ಎಂದು ಗೊತ್ತಾಗುತ್ತದೆ. ಹುಡುಕಿ ಬದಲಾಯಿಸುವಾಗ ನಿಜವಾದ ಅಂಕಿಗಳನ್ನು ಬಿಟ್ಟು, ಅಕ್ಷರದ ಪಕ್ಕದ ಸೊನ್ನೆಯನ್ನು ಮಾತ್ರ ಬದಲಾಯಿಸಿ. ಮೂರನೆಯದು ಕಣ್ಣಿಗೆ ಕಾಣದ್ದು. 'ಸಾಫ್ಟ್‌ವೇರ್' ಎಂದು ಬರೆಯುವಾಗ 'ವ' ಒತ್ತಾಗಿ ಕೆಳಗಿಳಿಯದಂತೆ ತಡೆಯುವ ಒಂದು ಅದೃಶ್ಯ ಚಿಹ್ನೆ ನಡುವೆ ಇರುತ್ತದೆ. ಪಠ್ಯ 'ಶುಚಿ' ಮಾಡಲು ಹೊರಟವರು ಅದನ್ನೂ ಗುಡಿಸಿಹಾಕಿದರೆ 'ಸಾಫ್ಟ್ವೇರ್' ಎಂದು ಒತ್ತಿನ ಮೇಲೊತ್ತು ಕೂರುತ್ತದೆ.

ಇನ್‌ಡಿಸೈನ್ ಎಂಬ ಪುಟ ಕಟ್ಟುವ ತಂತ್ರಾಂಶ ಬಳಸುವವರು ಪ್ಯಾರಾಗ್ರಾಫ್ ಆಯ್ಕೆಯಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಹಾಕಿಕೊಳ್ಳಲೇಬೇಕು. ಇಲ್ಲದಿದ್ದರೆ 'ಅಕ್ಕ' ಎಂಬುದು 'ಅಕ್‌ಕ' ಎಂದು ಬಿಡಿಬಿಡಿಯಾಗುತ್ತದೆ. ಮುಖ್ಯ ಪಠ್ಯದಲ್ಲಿ ಸರಿಮಾಡಿ, ಅಡಿಟಿಪ್ಪಣಿಯ ಸ್ಟೈಲಿನಲ್ಲಿ ಮರೆಯುವುದು ಸಾಮಾನ್ಯ.

ಸಾಲಿನ ಅಂತರದ್ದು ಇನ್ನೊಂದು ಕಥೆ. ಇಂಗ್ಲಿಷಿಗೆ 12 ಪಾಯಿಂಟ್ ಅಕ್ಷರಕ್ಕೆ 14 ಪಾಯಿಂಟ್ ಅಂತರ ಸಾಕು. ನಮ್ಮಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು. 16 ಅಥವಾ 17 ಕೊಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ವರ್ಡ್‌ನಲ್ಲಿ ಸಾಲಿನ ಅಂತರವನ್ನು 'ಎಕ್ಸಾಕ್ಟ್‌ಲಿ' ಎಂದು ಕಟ್ಟಿಹಾಕಿ ಅಳತೆ ಕಡಿಮೆ ಕೊಟ್ಟರೆ ಅಕ್ಷರದ ತುದಿಯೇ ಕತ್ತರಿಸಿಹೋಗುವುದುಂಟು.

ಇನ್ನು ಬಣ್ಣ, ಅದರಲ್ಲೂ ಕಪ್ಪು. ಕಪ್ಪಿನಲ್ಲಿ ಏನು ತೊಡಕು ಎನ್ನಬಹುದು. ಪರದೆ ಕೆಂಪು, ಹಸಿರು, ನೀಲಿ ಬೆಳಕಿನಿಂದ ಬಣ್ಣ ಮಾಡುತ್ತದೆ. ಆಫ್‌ಸೆಟ್ ಯಂತ್ರದಲ್ಲಿರುವುದು ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿ, ಒಂದೊಂದಕ್ಕೂ ಒಂದೊಂದು ಅಚ್ಚಿನ ಪ್ಲೇಟು. ವರ್ಡ್‌ನಿಂದ ತಂದ ಪಠ್ಯದ ಕಪ್ಪು ಬೆಳಕಿನ ಲೆಕ್ಕದ್ದು. ಅದನ್ನು ಶಾಯಿಗೆ ಪರಿವರ್ತಿಸಿದಾಗ ಬರುವುದು ಬರೀ ಕಪ್ಪಲ್ಲ. ಫೋಟೊಶಾಪ್‌ನಲ್ಲಿ ಬಹಳ ಕಾಲದಿಂದ ಬಂದ ಅಮೆರಿಕನ್ ಸೆಟ್ಟಿಂಗಿನಲ್ಲಿ ಅದು ಶೇಕಡಾ ಲೆಕ್ಕದಲ್ಲಿ ಸಯಾನ್ 75, ಮಜೆಂಟಾ 68, ಹಳದಿ 67, ಕಪ್ಪು 90. ಒಟ್ಟು 300. ಈಗ 9 ಪಾಯಿಂಟಿನ ಒಂದು ಒತ್ತಕ್ಷರವನ್ನು ನಾಲ್ಕು ಪ್ಲೇಟುಗಳಿಂದ ಒಂದರ ಮೇಲೊಂದು ಒತ್ತಬೇಕು. ಕೂದಲೆಳೆಯಷ್ಟು ಸರಿದರೂ ಅಕ್ಷರದ ಪಕ್ಕ ಕೆಂಪು ನೆರಳು ಬರುತ್ತದೆ, 'ಕ್ಷ್ಮ'ದ ಹೊಟ್ಟೆ ಮುಚ್ಚಿಹೋಗುತ್ತದೆ. ಏಕವರ್ಣದ ಪುಸ್ತಕವಾದರೆ ಪೂರ್ತಿ ಕಪ್ಪಾಗಬೇಕಿದ್ದ ಅಕ್ಷರ ಬೂದಿಗೆ ತಿರುಗಬಹುದು. ಹಾಗಾಗಿ ಪಠ್ಯವೆಲ್ಲ ಕಪ್ಪು 100, ಉಳಿದ ಮೂರೂ ಸೊನ್ನೆ. 'ರಿಜಿಸ್ಟ್ರೇಷನ್' ಎಂಬ ಹೆಸರಿನ ಕಪ್ಪನ್ನು ಮಾತ್ರ ಅಪ್ಪಿತಪ್ಪಿಯೂ ಅಕ್ಷರಕ್ಕೆ ಹಾಕಬೇಡಿ. ಅದು ನಾಲ್ಕೂ ಶಾಯಿ ನೂರು ನೂರು, ಕತ್ತರಿಸುವ ಗುರುತುಗಳಿಗೆ ಮೀಸಲು. ಅಷ್ಟು ಶಾಯಿ ಬೇಗ ಒಣಗದೆ ಮೇಲಿನ ಹಾಳೆಯ ಬೆನ್ನಿಗೆ ಹತ್ತಿಕೊಳ್ಳುತ್ತದೆ. ಮುಖಪುಟದ ಹಿನ್ನೆಲೆಗೆ ಗಾಢ ಕಪ್ಪು ಬೇಕೆಂದರೆ ಸಯಾನ್ 60, ಮಜೆಂಟಾ 40, ಹಳದಿ 40, ಕಪ್ಪು 100 ಸಾಕು.

ನೀಲಿಯದ್ದೂ ಒಂದು ಮಾತು. ಸಯಾನ್ 100, ಮಜೆಂಟಾ 100 ಎಂದರೆ ಕಾಗದದ ಮೇಲೆ ಬರುವುದು ನೇರಳೆ. ಮಜೆಂಟಾವನ್ನು 65-70ಕ್ಕೆ ಇಳಿಸಿ. ಪರದೆಯ ಮೇಲೆ ಹೊಳೆಯುವ ಗಿಳಿಹಸಿರು ಈ ನಾಲ್ಕು ಶಾಯಿಯಲ್ಲಿ ಹಾಗೆ ಬರುವುದೇ ಇಲ್ಲ, ಅದಕ್ಕೆ ಪ್ರೆಸ್ಸಿನವರನ್ನು ಬೈಯಬಾರದು.

ಫೋಟೊಗಳಿಗೆ ಅಚ್ಚಿನ ಅಳತೆಯಲ್ಲಿ ಇಂಚಿಗೆ 300 ಪಿಕ್ಸೆಲ್ ಬೇಕು. ಲೆಕ್ಕ ಸುಲಭ: 1600 ಪಿಕ್ಸೆಲ್ ಅಗಲದ ಚಿತ್ರ ಸುಮಾರು 5.3 ಇಂಚಿಗಿಂತ ಹೆಚ್ಚು ಹಿಗ್ಗದು. ಇಂಚಿಗೆ 72 ಪಿಕ್ಸೆಲ್ ಎಂದಿರುವ ಜಾಗದಲ್ಲಿ 300 ಎಂದು ಟೈಪಿಸಿ ಹಿಗ್ಗಿಸಿದರೆ ಪಿಕ್ಸೆಲ್ ಹುಟ್ಟುತ್ತದೆ, ವಿವರ ಹುಟ್ಟುವುದಿಲ್ಲ. ಸ್ಮರಣ ಸಂಚಿಕೆ ಮಾಡುವವರು ವಾಟ್ಸ್‌ಆಪ್‌ನಲ್ಲಿ ಫೋಟೊ ತರಿಸುವಾಗ 'ಡಾಕ್ಯುಮೆಂಟ್' ಎಂದು ಕಳಿಸಲು ಹೇಳಿ. ಫೋಟೊ ಎಂದು ಕಳಿಸಿದರೆ ಅದು ಕುಗ್ಗಿಸಿಯೇ ಕಳಿಸುತ್ತದೆ.

ಅಳತೆಗೆ ಬರೋಣ. ಡೆಮಿ 1/8 ಎಂಬ ಪುಸ್ತಕದ ಅಳತೆ ಎಂದರೆ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಬಣ್ಣ ಅಂಚಿನವರೆಗೆ ಹೋಗುವ ಕಡೆಯಲ್ಲೆಲ್ಲ 3 ಮಿಲಿಮೀಟರ್ ಆಚೆಗೂ ಚಾಚಿರಬೇಕು. ಇದಕ್ಕೆ ಬ್ಲೀಡ್ ಎನ್ನುತ್ತಾರೆ. ಅಕ್ಷರಗಳು ಅಂಚಿನಿಂದ ಕನಿಷ್ಠ 5 ಮಿಲಿಮೀಟರ್ ಒಳಗಿರಲಿ. ಲಗ್ನಪತ್ರಿಕೆಗೆ ಅಂಚಿನ ಪಕ್ಕದಲ್ಲೇ ಸಣ್ಣ ಗೆರೆಯ ಚೌಕಟ್ಟು ಹಾಕುವ ಚಪಲ ಎಲ್ಲರಿಗೂ ಇದೆ. ಕತ್ತರಿ ಒಂದು ಮಿಲಿಮೀಟರ್ ಸರಿದರೆ ಚೌಕಟ್ಟು ಸೊಟ್ಟಗೆ ಕಾಣುತ್ತದೆ.

ಒಳಪುಟಗಳನ್ನು ಬಿಡಿಬಿಡಿಯಾಗಿ, ಒಂದರ ನಂತರ ಒಂದು ಕೊಡಿ, ಜೋಡಿಪುಟವಾಗಿ ಬೇಡ. ಯಾವ ಪುಟ ಯಾವುದರ ಪಕ್ಕ ಕೂರಬೇಕೆಂಬುದು ಪ್ರೆಸ್ಸಿನವರ ಕೆಲಸ. ಒಟ್ಟಿಗೆ ಅಚ್ಚಾಗುವ 16 ಪುಟಕ್ಕೊಂದು ಫಾರಂ, 208 ಪುಟವೆಂದರೆ ಸರಿಯಾಗಿ 13 ಫಾರಂ. 209 ಆದರೆ ಆ ಒಂದು ಪುಟಕ್ಕಾಗಿ ಖರ್ಚು, ಮಿಕ್ಕದ್ದು ಖಾಲಿ. ಬೆನ್ನಿನ ಅಗಲಕ್ಕೆ ಹಾಳೆಯ ದಪ್ಪ ಕೇಳಿ. 208 ಪುಟ ಎಂದರೆ 104 ಹಾಳೆ. ಹಾಳೆ 0.1 ಮಿಲಿಮೀಟರ್ ಇದ್ದರೆ ಬೆನ್ನು 10.4. ಎರಡು ಮುಖ, ಬೆನ್ನು, ಬ್ಲೀಡ್ ಸೇರಿ ಬಿಚ್ಚಿದ ಮುಖಪುಟ ಸುಮಾರು 296 ಮಿಲಿಮೀಟರ್ ಅಗಲ, 222 ಎತ್ತರ. ಕೊನೆಗಳಿಗೆಯಲ್ಲಿ ಕಾಗದ ಬದಲಾದರೆ ಈ ಬೆನ್ನನ್ನೂ ಬದಲಿಸಬೇಕು.

ಕೊನೆಗೆ ಪಿಡಿಎಫ್. ಮುದ್ರಣಕ್ಕೆಂದೇ ಇರುವ 'ಪಿಡಿಎಫ್ ಎಕ್ಸ್-1ಎ' ಬಗೆ ಆರಿಸಿದರೆ ಫಾಂಟುಗಳು ಒಳಗೇ ಸೇರುತ್ತವೆ, ಬೆಳಕಿನ ಬಣ್ಣ ಉಳಿಯುವುದಿಲ್ಲ. ಅಕ್ರೋಬ್ಯಾಟ್ ರೀಡರಿನಲ್ಲಿ ತೆರೆದು, ಪ್ರಾಪರ್ಟೀಸ್‌ನಲ್ಲಿ ಫಾಂಟ್ಸ್ ಪಟ್ಟಿ ನೋಡಿ. ಪ್ರತಿ ಹೆಸರಿನ ಮುಂದೆ 'ಎಂಬೆಡೆಡ್', ಅಂದರೆ ಒಳಗೆ ಸೇರಿದೆ, ಎಂದಿರಬೇಕು. ಮುಖಪುಟದ ಶೀರ್ಷಿಕೆಯನ್ನು ವಿನ್ಯಾಸದ ತಂತ್ರಾಂಶ ಕೋರಲ್‌ನಲ್ಲಿ ಕರ್ವ್ ಮಾಡಿದರೆ, ಅಂದರೆ ಅಕ್ಷರಗಳನ್ನು ಗೆರೆಯ ಆಕಾರಗಳಾಗಿ ಬದಲಿಸಿದರೆ, ನಿಶ್ಚಿಂತೆ. ಆದರೆ ಮಾಡುವ ಮುಂಚೆ ಒಂದು ಪ್ರತಿ ಎತ್ತಿಡಿ, ಕರ್ವ್ ಆದ ಮೇಲೆ ಕಾಗುಣಿತ ತಿದ್ದಲಾಗದು. ಇಡೀ ಪುಸ್ತಕದ ಪಠ್ಯವನ್ನು ಕರ್ವ್ ಮಾಡಬೇಡಿ, ಸಣ್ಣ ಅಕ್ಷರಗಳು ತುಸು ದಪ್ಪಗಾಗುತ್ತವೆ.

ಪ್ಲೇಟು ಹೊಡೆದ ಮೇಲೆ ತಪ್ಪು ಕಂಡಿತು ಎನ್ನಿ. 87ನೇ ಪುಟ ಎಂದರೆ ಆರನೆಯ ಫಾರಂ. ಅದೇ ಪುಟದೊಳಗೆ ತಿದ್ದಿ ಮುಗಿಸಿದರೆ ಆ ಫಾರಂನ ಪ್ಲೇಟು ಮಾತ್ರ ಹೊಸದು. ಒಂದು ಸಾಲು ಹೆಚ್ಚಾಗಿ ಪಠ್ಯ ಮುಂದಕ್ಕೆ ಹರಿದರೆ ಅಧ್ಯಾಯ ಮುಗಿಯುವವರೆಗಿನ ಪುಟಗಳೆಲ್ಲ ಅಲುಗಿ, ಏಳನೆಯದು, ಎಂಟನೆಯದು ಎಂದು ಪ್ಲೇಟಿನ ಲೆಕ್ಕ ಬೆಳೆಯುತ್ತದೆ. ಸಾಲು ಸೇರಿಸಲೇಬೇಕಿದ್ದರೆ ಅದೇ ಪುಟದಲ್ಲಿ ಒಂದು ಸಾಲು ಕಳೆಯುವ ಜಾಗ ಮೊದಲು ಹುಡುಕಿ, ಆಮೇಲೆ ಪ್ರೆಸ್ಸಿಗೆ ಫೋನ್ ಮಾಡಿ.

ನಮಸ್ಕಾರ.