ಟಿಕ್ ಟಿಕ್ ಎನ್ನುವ ಪಂಪು, ಗುಳುಗುಳು ಎನ್ನುವ ಹೀಟರು

ಕೇಳುಗರಿಗೆ ನಮಸ್ಕಾರ.

ನನ್ನ ಬಳಿ ಒಂದು ಎಂಜಿಬಿ ಇದೆ. 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್ನಿನಲ್ಲಿ ತಯಾರಾದ ಪುಟ್ಟ ಸ್ಪೋರ್ಟ್ಸ್ ಕಾರು. ನಾಲ್ಕು ಸಿಲಿಂಡರುಗಳ 1798 ಸಿಸಿ ಎಂಜಿನ್, ಅದರ ಮಗ್ಗುಲಿಗೆ ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿಕೊಡುವ ಎರಡು ಎಸ್‌ಯು ಕಾರ್ಬುರೇಟರ್. ತುಕ್ಕು ತಿಂದಿದ್ದ ಗಾಡಿಯನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದ್ದೇನೆ. ಆ ಕಥೆ ಇಂದು ಬೇಡ. ಜೋಡಿಸಿದ ಮೇಲೆ ಪೆಟ್ರೋಲು ಮತ್ತು ನೀರು ಸೇರಿ ನನ್ನನ್ನು ಹೇಗೆ ಆಟವಾಡಿಸಿದವು ಎಂಬುದನ್ನಷ್ಟೇ ಹೇಳುತ್ತೇನೆ. ರೇಡಿಯೊಗೆ ತಕ್ಕ ವಿಷಯವೇ ಇದು. ದೋಷಗಳನ್ನು ಹಿಡಿದುಕೊಟ್ಟದ್ದು ಹೆಚ್ಚಾಗಿ ನನ್ನ ಕಿವಿ.

ಮೊದಲ ಓಡಾಟದಲ್ಲಿ ಇಪ್ಪತ್ತು ನಿಮಿಷ ಗಾಡಿ ಬೆಣ್ಣೆಯಂತೆ ಓಡಿತು. ಆಮೇಲೆ ಎರಡು ಬಾರಿ ಮುಗ್ಗರಿಸಿ ನಿಂತಿತು. ಹತ್ತು ನಿಮಿಷ ಸುಮ್ಮನೆ ಕುಳಿತು ಕೀಲಿ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಹೊರಟಿತು. ಬಿಸಿಯಾದಾಗ ನಿಲ್ಲುತ್ತದೆ, ತಣಿದಾಗ ಹೊರಡುತ್ತದೆ, ಹಾಗಾದರೆ ವೇಪರ್ ಲಾಕ್, ಅಂದರೆ ಪೈಪಿನೊಳಗೇ ಪೆಟ್ರೋಲು ಕುದಿದು ಆವಿಯಾಗುತ್ತಿದೆ ಎಂದು ತೀರ್ಮಾನಿಸಿದೆ. ಎಸ್‌ಯು ಕಾರ್ಬುರೇಟರುಗಳು ಕುಳಿತಿರುವುದು ಹೊಗೆ ಹೊರಹೋಗುವ, ಸುಡುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ನೆತ್ತಿಯ ಮೇಲೆ, ಆದ್ದರಿಂದ ಈ ಊಹೆ ತೀರ ಮೂರ್ಖತನವೂ ಅಲ್ಲ. ಒಂದು ಭಾನುವಾರವಿಡೀ ಪೈಪುಗಳಿಗೆ ಶಾಖ ತಡೆಯುವ ಪಟ್ಟಿ ಸುತ್ತಿದೆ. ನೋಡಲು ಚೆಂದವಾಯಿತು. ಮುಂದಿನ ಓಡಾಟದಲ್ಲಿ ಮತ್ತೆ ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ನಿಂತಿತು.

ಈ ಸಲ ಬಾನೆಟ್ ಎತ್ತದೆ ಗಾಡಿಯ ಹಿಂಭಾಗಕ್ಕೆ ಹೋದೆ. ಎಂಜಿಬಿಯ ಪೆಟ್ರೋಲ್ ಪಂಪು ಇರುವುದು ಅಲ್ಲಿ, ಟ್ಯಾಂಕಿನ ಹತ್ತಿರ. ಅದು ವಿದ್ಯುತ್ತಿನಿಂದ ನಡೆಯುತ್ತದೆ, ಪ್ರತಿ ಹೊಡೆತಕ್ಕೂ ಟಿಕ್ ಎನ್ನುತ್ತದೆ. ಈ ಸದ್ದಿಗೆ ವ್ಯಾಕರಣವಿದೆ. ಕೀಲಿ ತಿರುಗಿಸಿದಾಗ ಟಿಕ್ ಟಿಕ್ ಟಿಕ್ ಎಂದು ಬೇಗ ಬೇಗ ಹೊಡೆದು, ಕಾರ್ಬುರೇಟರಿನ ತೊಟ್ಟಿಗಳು ತುಂಬುತ್ತಿದ್ದಂತೆ ನಿಧಾನವಾಗಿ, ಕೊನೆಗೆ ಸುಮ್ಮನಾದರೆ ಎಲ್ಲವೂ ಸರಿ. ತೊಟ್ಟಿ ತುಂಬಿದ ಮೇಲೂ ನಿಲ್ಲದೆ ಆಗೊಮ್ಮೆ ಈಗೊಮ್ಮೆ ಹೊಡೆಯುತ್ತಿದ್ದರೆ, ತೊಟ್ಟಿಯಲ್ಲಿ ತೇಲುವ ಫ್ಲೋಟಿನ ಮೇಲಿನ, ಪೆಟ್ರೋಲು ತಡೆಯುವ ನೀಡಲ್ ವಾಲ್ವ್ ಸರಿಯಾಗಿ ಕೂರದೆ ಪೆಟ್ರೋಲು ಉಕ್ಕುತ್ತಿರಬಹುದು. ಬಿಡುವಿಲ್ಲದೆ ಪಟಪಟ ಹೊಡೆದೂ ಪೆಟ್ರೋಲು ಬಾರದಿದ್ದರೆ ಪಂಪು ಗಾಳಿ ಎಳೆಯುತ್ತಿದೆ, ಇಲ್ಲವೇ ಟ್ಯಾಂಕು ಬರಿದಾಗಿದೆ. ಒಂದು ಟಿಕ್, ನಡುವೆ ಉದ್ದನೆಯ ಮೌನ, ಮತ್ತೊಂದು ಟಿಕ್ ಎಂದು ತಿಣುಕಿದರೆ, ಪಂಪಿನ ಮೈಯೂ ಬಿಸಿಯಾಗಿದ್ದರೆ, ಅದು ಎಳೆಯಲು ನೋಡುತ್ತಿದೆ ಆದರೆ ಏನೂ ಬರುತ್ತಿಲ್ಲ.

ನನಗೆ ಕೇಳಿಸಿದ್ದು ಈ ತಿಣುಕಾಟ. ಟ್ಯಾಂಕಿನಲ್ಲಿ ಪೆಟ್ರೋಲು ಅರ್ಧಕ್ಕಿಂತ ಹೆಚ್ಚಿತ್ತು. ಮುಚ್ಚಳಕ್ಕೆ ಕೈ ಹಾಕಿ ತಿರುಗಿಸಿದೆ. ಉಸ್ಸೆಂದು ಗಾಳಿ ಒಳಕ್ಕೆ ನುಗ್ಗಿತು. ಮರುಕ್ಷಣವೇ ಪಂಪು ಬಿಟ್ಟ ಕುದುರೆಯಂತೆ ಪಟಪಟ ಹೊಡೆಯತೊಡಗಿತು.

ದೋಷ ನನ್ನದೇ. ಹಳೆಯ ಮುಚ್ಚಳ ಕೊಳಕಾಗಿತ್ತೆಂದು ಹೊಳೆಯುವ ಹೊಸದನ್ನು ಹಾಕಿದ್ದೆ. ಹಳೆಯ ಎಂಜಿಬಿಗಳಲ್ಲಿ ಟ್ಯಾಂಕು ಉಸಿರಾಡುವುದು ಮುಚ್ಚಳದ ಮೂಲಕವೇ. ನಂತರದ ವರ್ಷಗಳಲ್ಲಿ ಅಮೆರಿಕಕ್ಕೆಂದು ತಯಾರಾದ ಗಾಡಿಗಳಲ್ಲಿ ಆವಿಯನ್ನು ಇದ್ದಿಲಿನ ಡಬ್ಬಿಗೆ ಕಳಿಸುವ ಏರ್ಪಾಡಿತ್ತು, ಆದ್ದರಿಂದ ಅವುಗಳ ಮುಚ್ಚಳಕ್ಕೆ ತೂತಿಲ್ಲ. ಎರಡೂ ನೋಡಲು ಅವಳಿ ಜವಳಿ. ನಾನು ತಂದದ್ದು ತೂತಿಲ್ಲದ್ದು. ಎಂಜಿನ್ ಕುಡಿದಷ್ಟೂ ಟ್ಯಾಂಕಿನೊಳಗೆ ನಿರ್ವಾತ ಹೆಚ್ಚುತ್ತಿತ್ತು. ಹತ್ತು ನಿಮಿಷ ನಿಂತರೆ ಎಲ್ಲಿಂದಲೋ ಒಂದಿಷ್ಟು ಗಾಳಿ ಸೋರಿ ಒಳಬರುತ್ತಿತ್ತು. ಬಿಸಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಆ ಕೊಳಕು ಮುಚ್ಚಳವನ್ನೇ ತೊಳೆದು ಹಾಕಿದೆ. ಆಗ ಇನ್ನೊಂದು ಸದ್ದು ಶುರುವಾಯಿತು: ಪಂಪು ನಿಲ್ಲುವುದನ್ನೇ ಮರೆಯಿತು. ಗಾಳಿ ಎಳೆಯುತ್ತಿದೆ ಎಂದು ಅರ್ಥವಾಯಿತು. ಆದರೆ ಎಲ್ಲಿಂದ? ಪಂಪಿನಿಂದ ಮುಂದಕ್ಕೆ, ಒತ್ತಡವಿರುವ ಕಡೆ ಬಿರುಕಿದ್ದರೆ ಪೆಟ್ರೋಲು ತೊಟ್ಟಿಕ್ಕುತ್ತದೆ, ವಾಸನೆ ಬರುತ್ತದೆ. ಟ್ಯಾಂಕಿಗೂ ಪಂಪಿಗೂ ನಡುವೆ, ಹೀರುವ ಕಡೆ ಬಿರುಕಿದ್ದರೆ ಅಲ್ಲಿಂದ ಗಾಳಿ ಒಳಹೋಗುತ್ತದೆಯೇ ಹೊರತು ಹನಿಯೂ ಹೊರಬರದಿರಬಹುದು. ಒಣಗಿದ ಜಾಯಿಂಟನ್ನು ನಿರ್ದೋಷಿಯೆಂದು ಬಿಟ್ಟುಬಿಡುವುದು ಇಲ್ಲಿಯೇ. ಎಂಜಿನ್ ತಣ್ಣಗಿರುವಾಗ, ಬಯಲಿನಲ್ಲಿ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರು ಇಟ್ಟುಕೊಂಡು, ಕಾರ್ಬುರೇಟರಿನ ಪೈಪು ಕಳಚಿ ಡಬ್ಬಿಗೆ ಬಿಟ್ಟೆ. ಸರಿಯಿರುವ ಪಂಪು ನಿಮಿಷಕ್ಕೆ ಅರ್ಧ ಲೀಟರಿಗೆ ಕಡಿಮೆಯಿಲ್ಲದಂತೆ ಕೊಡಬೇಕು. ನನ್ನದು ಕೊಟ್ಟದ್ದು ಸೋಡಾದಂತಹ ನೊರೆ. ಟ್ಯಾಂಕಿನಿಂದ ಪಂಪಿಗೆ ಹೋಗುವ ಹೊಸ ರಬ್ಬರ್ ಹೋಸಿನ ಕ್ಲಿಪ್ಪನ್ನು ಪೈಪಿನ ಉಬ್ಬಿದ ಅಂಚಿನ ಮೇಲೆಯೇ ಬಿಗಿದಿದ್ದೆ. ಬಿಗಿಯಬೇಕಾದದ್ದು ಉಬ್ಬನ್ನು ದಾಟಿ. ಬಿಚ್ಚಿ ನೋಡಿದರೆ ಬಲವಂತವಾಗಿ ತಳ್ಳಿದ್ದಕ್ಕೆ ಒಳಗಿನ ರಬ್ಬರು ನಾಲಿಗೆಯಂತೆ ಸುಲಿದು ನಿಂತಿತ್ತು. ಹೋಸನ್ನೇ ಬದಲಿಸಿದೆ. ಎಥನಾಲ್ ಬೆರೆತ ಪೆಟ್ರೋಲು ಹಳೆಯ ಬಗೆಯ ರಬ್ಬರನ್ನು ತಿನ್ನುವುದರಿಂದ, ಅದನ್ನು ತಾಳುವ, ಮೈಮೇಲೆ ಆರ್9 ಎಂದು ಅಚ್ಚಾದದ್ದನ್ನು ಹಾಕಿದೆ.

ಇನ್ನು ಎಂಜಿನ್ನನ್ನು ತಣಿಸುವ ನೀರು. ಹೀಟರಿನೊಳಗೆ ಹರಿಯುವುದೂ ಇದೇ. ಡ್ಯಾಶ್‌ಬೋರ್ಡಿನ ಹಿಂದಿನಿಂದ ಗುಳುಗುಳು ಸದ್ದು ಬರುತ್ತಿತ್ತು. ಉಷ್ಣತೆಯ ಮುಳ್ಳು ತಣ್ಣಗೆ ಮಲಗಿದ್ದು ಇದ್ದಕ್ಕಿದ್ದಂತೆ ಮೇಲಕ್ಕೆ ಹಾರಿ ಮತ್ತೆ ಇಳಿಯುತ್ತಿತ್ತು. ಮುಳ್ಳು ಸುಳ್ಳು ಹೇಳುತ್ತಿದೆ ಎಂದು ಮೀಟರನ್ನು ಬೈದೆ. ಪಾಪ, ಅದು ತನಗೆ ತಿಳಿದದ್ದನ್ನೇ ಹೇಳುತ್ತಿತ್ತು. ಶಾಖ ಅಳೆಯುವ ಅದರ ಬಲ್ಬು ಕೂರುವುದು ಎಂಜಿನ್ನಿನ ತಲೆಯ, ಅಂದರೆ ಹೆಡ್ಡಿನ, ಮುಂದುಗಡೆ, ನೀರು ಬಿಸಿಯಾಗುವವರೆಗೆ ರೇಡಿಯೇಟರಿನ ದಾರಿ ಮುಚ್ಚಿಡುವ ಥರ್ಮೋಸ್ಟಾಟಿನ ಬಳಿ. ಥರ್ಮೋಸ್ಟಾಟ್ ಮುಚ್ಚಿರುವಾಗ ಗಾಳಿ ಸಿಕ್ಕಿಕೊಳ್ಳುವುದೂ ಅದರ ಕೆಳಗೇ. ನೀರು ಕುದಿಯುವ ಹಂತಕ್ಕೆ ಬಂದರೂ ಗಾಳಿಯಲ್ಲಿ ಕುಳಿತ ಬಲ್ಬಿಗೆ ಅದು ತಿಳಿಯದು.

ಥರ್ಮೋಸ್ಟಾಟಿನ ಅಂಚಿಗೆ 3 ಮಿಲಿಮೀಟರಿನ ತೂತು ಕೊರೆದು, ತೂತು ಮೇಲಕ್ಕೆ ಬರುವಂತೆ ಕೂರಿಸಿದೆ. ಗಾಡಿಯ ಮೂತಿಯನ್ನು ಎತ್ತರಿಸಿ ನಿಲ್ಲಿಸಿ, ಹೀಟರಿನ ವಾಲ್ವ್ ತೆರೆದಿಟ್ಟು, ನಿಧಾನವಾಗಿ ಕೂಲಂಟ್, ಅಂದರೆ ತಣಿಸುವ ನೀರು, ಸುರಿದೆ. ನಡುನಡುವೆ ಹೋಸುಗಳನ್ನು ಹಸುವಿನ ಕೆಚ್ಚಲಿನಂತೆ ಹಿಂಡುತ್ತಿದ್ದೆ. ಪ್ರತಿ ಹಿಂಡಿಗೂ ಒಂದು ತೇಗು. ತೇಗು ನಿಂತಾಗ ಗುಳುಗುಳುವೂ ನಿಂತಿತು.

ರೇಡಿಯೇಟರಿನ ಮುಚ್ಚಳದ ಬಗ್ಗೆ ಒಂದು ಮಾತು. ಪೆಟ್ರೋಲಿನ ಮುಚ್ಚಳ ಉಸಿರಾಡಬೇಕು, ಇದು ಉಸಿರು ಬಿಗಿಹಿಡಿಯಬೇಕು. ಚದರ ಇಂಚಿಗೆ 10 ಪೌಂಡಿನ ಮುಚ್ಚಳವಿದ್ದರೆ ಸಾದಾ ನೀರು 100ರ ಬದಲು ಸುಮಾರು 115 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಸ್ಪ್ರಿಂಗು ಸಡಿಲವಾದರೆ ಆ ಹದಿನೈದು ಡಿಗ್ರಿ ಕೈಬಿಟ್ಟುಹೋಗುತ್ತದೆ. ಬಿಸಿ ಗಾಡಿಯಲ್ಲಿ ಮಾತ್ರ ಅದನ್ನು ಮುಟ್ಟಬೇಡಿ. ತಣ್ಣನೆಯ ಎಂಜಿನ್ ಹೊತ್ತಿಸಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸು ಕಲ್ಲಿನಂತೆ ಗಟ್ಟಿಯಾದರೆ ಮುಚ್ಚಳವನ್ನೂ ಗಾಳಿಯನ್ನೂ ದೂರಬೇಡಿ. ನೀರು ಇನ್ನೂ ಬಿಸಿಯೇ ಆಗಿಲ್ಲ, ಹಾಗಿರುವಾಗ ಆ ಒತ್ತಡ ಬಹುಮಟ್ಟಿಗೆ ಸಿಲಿಂಡರಿನ ಹೊಗೆಯದು. ಹೆಡ್ಡಿನ ಕೆಳಗಿನ ತಡೆಪಟ್ಟಿ, ಅಂದರೆ ಹೆಡ್ ಗ್ಯಾಸ್ಕೆಟ್, ಬಿಚ್ಚುವ ಕೆಲಸ ಕಾದಿದೆ. ನನ್ನ ಪುಣ್ಯ, ನನ್ನ ಹೋಸು ಮೆತ್ತಗಿತ್ತು.

ಈಗ ದಿನವೂ ಕೀಲಿಯನ್ನು ಅರ್ಧ ತಿರುಗಿಸಿ, ಎಂಜಿನ್ ಹೊತ್ತಿಸದೆ, ಪಂಪಿನ ಹೊಡೆತಗಳನ್ನು ಕೇಳುತ್ತಾ ಕೂರುತ್ತೇನೆ. ಪಕ್ಕದಲ್ಲಿ ಕುಳಿತವರಿಗೆ ಗಾಡಿ ಕೆಟ್ಟಿದೆಯೇನೋ ಎಂದು ಗಾಬರಿ. ವಾಟರ್ ಪಂಪಿನ ಕೆಳಗೆ ಬೊಟ್ಟಿನಷ್ಟು ಹಸಿರು ಕಲೆಯೊಂದು ನಿನ್ನೆಯಿಂದ ಕಾಣಿಸಿಕೊಂಡಿದೆ. ಅದಕ್ಕೆ ಸದ್ದಿಲ್ಲ. ಅದನ್ನು ಟಾರ್ಚು ಹಿಡಿದೇ ಹುಡುಕಬೇಕು. ನಮಸ್ಕಾರ.